ಮೋಟಾರು ಮೆಟ್ಟದ ದ್ವೀಪ

ಗ್ರಂಥಾಲಯಕ್ಕೆ ವಾಪಸು ಬಂದ ಪುಸ್ತಕವೊಂದರ ಎಪ್ಪತ್ತೆರಡನೆಯ ಪುಟದಲ್ಲಿ ಯಾರೋ ಗುರುತಿಗೆಂದು ಇಟ್ಟು ಮರೆತಿದ್ದ ಆ ಕರಪತ್ರ ಇಲ್ಲದೇ ಹೋಗಿದ್ದರೆ, ಡ್ರೈವಿಂಗ್ ಮೇಷ್ಟ್ರ ಬುಧವಾರ ಉಳಿದೆಲ್ಲ ಬುಧವಾರಗಳ ಹಾಗೆಯೇ ಕ್ಲಚ್ಚು, ಗೇರು, ಬ್ರೇಕುಗಳ ನಡುವೆ ತೆಪ್ಪಗೆ ಕಳೆದುಹೋಗುತ್ತಿತ್ತು.

ಮೇಷ್ಟ್ರ ಹೆಂಡತಿ ಆ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಳು. ವಾಪಸು ಬಂದ ಪುಸ್ತಕಗಳನ್ನು ಒಮ್ಮೆ ಕೊಡವಿ ಕಪಾಟಿಗೆ ಸೇರಿಸುವುದು ಅವಳ ಅಭ್ಯಾಸ. ಕೊಡವಿದಾಗ ಬಸ್ ಟಿಕೆಟ್ಟು, ಒಣಗಿದ ಎಲೆ, ಒಮ್ಮೆಯಂತೂ ಹಲ್ಲು ಮುರಿದ ಬಾಚಣಿಗೆ ಉದುರಿದ್ದುಂಟು. ಮಂಗಳವಾರ ಸಂಜೆ ಉದುರಿದ್ದು ನಾಲ್ಕು ಮಡಿಕೆಯ ಈ ಕರಪತ್ರ. ಅವಳು ಅದನ್ನು ಮನೆಗೆ ತಂದು ಗಂಡನ ಎದುರಿಗಿಟ್ಟಳು.

‘ಮುನ್ನೂರು ವರ್ಷದ ಕೋಟೆ. ಕಲ್ಲು ಹಾಸಿದ ಬೀದಿಗಳು. ಹಳೆಯ ದೀಪಸ್ತಂಭ. ನಡೆಯಿರಿ, ಸೈಕಲ್ ತುಳಿಯಿರಿ, ಇಲ್ಲವೇ ಕುದುರೆ ಗಾಡಿ ಹತ್ತಿ. ಈ ದ್ವೀಪದ ನೆಲದ ಮೇಲೆ ಇವತ್ತಿನವರೆಗೂ ಒಂದೇ ಒಂದು ಮೋಟಾರು ಗಾಡಿ ಓಡಾಡಿಲ್ಲ.’

ಕೊನೆಯ ವಾಕ್ಯವನ್ನು ಮೇಷ್ಟ್ರು ಏಳು ಸಲ ಓದಿದರು. ಎಂಟನೆಯ ಸಲ ಹೆಂಡತಿಗೂ ಕೇಳಲೆಂದು ಗಟ್ಟಿಯಾಗಿ ಓದಿದರು.

ಓದದೇ ಏನು? ಇಪ್ಪತ್ತೆರಡು ವರ್ಷದಿಂದ ಅವರು ಪಕ್ಕದ ಸೀಟಿನಲ್ಲಿ ಕೂತಿದ್ದರು. ಸ್ಟೀರಿಂಗು ಯಾರದೋ ಕೈಯಲ್ಲಿ, ತಮ್ಮ ಪ್ರಾಣವೂ ಅವರದೇ ಕೈಯಲ್ಲಿ. ಮೇಷ್ಟ್ರ ಪಾಲಿಗೆ ಇದ್ದದ್ದು ಕಾಲ ಕೆಳಗೆ ಜೋಡಿಸಿದ್ದ ಒಂದು ಹೆಚ್ಚುವರಿ ಬ್ರೇಕು ಮಾತ್ರ. ಅದನ್ನು ಒತ್ತಿ ಒತ್ತಿ ಬಲಗಾಲಿಗೆ ಬೇರೆಯೇ ಒಂದು ಬುದ್ಧಿ ಬಂದುಬಿಟ್ಟಿತ್ತು. ಅಂಗಡಿಯಲ್ಲಿ ಯಾರಾದರೂ ತಳ್ಳುಬುಟ್ಟಿ ತಳ್ಳಿಕೊಂಡು ಎದುರು ಬಂದರೂ ಆ ಕಾಲು ನೆಲ ಒತ್ತುತ್ತಿತ್ತು. ಹೋದ ತಿಂಗಳು ನಿದ್ದೆಯಲ್ಲಿ ಒತ್ತಿ ಮಂಚದ ಹಲಗೆಯನ್ನೇ ಮುರಿದಿದ್ದರು. ಅವತ್ತಿನಿಂದ ಹೆಂಡತಿ ದಿಂಬು ಹಿಡಿದುಕೊಂಡು ಇನ್ನೊಂದು ಕೋಣೆಗೆ ಹೋಗಿದ್ದಳು.

ಅವಳು ಅಲ್ಲೇ ನಿಂತು ಕರಪತ್ರದಲ್ಲಿದ್ದ ನಂಬರಿಗೆ ಫೋನ್ ಮಾಡಿದಳು. ದ್ವೀಪದಲ್ಲಿದ್ದದ್ದು ಒಂದೇ ವಸತಿಗೃಹ. ಅದರ ಒಡತಿ ಒಬ್ಬ ಅಜ್ಜಿ.

"ಆರು ರೂಮಿದೆ ತಾಯಿ, ಆರೂ ಖಾಲಿ" ಎಂದರು ಅಜ್ಜಿ. "ಶುಕ್ರವಾರದ ದೋಣಿಗೆ ಹೆಸರು ಕೊಡಬೇಕು ಅಷ್ಟೆ. ನಾಳೆ ಸಂಜೆ ಐದರೊಳಗೆ ಹೇಳಿಬಿಡಿ. ಅವಸರ ಏನಿಲ್ಲ, ಈ ಕಾಲದಲ್ಲಿ ಗಾಳಿ ಬಿಟ್ರೆ ಇಲ್ಲಿಗೆ ಯಾರೂ ಬರಲ್ಲ."

ಹೆಂಡತಿ ಫೋನಿಟ್ಟು ಗಂಡನ ಕಡೆ ತಿರುಗಿದಳು. "ರೀ, ನಾಳೆ ಮೊದಲು ರಜ ಕೇಳಿ. ಸಿಕ್ಕಿದ ತಕ್ಷಣ ಅಜ್ಜಿಗೆ ಫೋನ್ ಮಾಡಿ. ಅಲ್ಲಿವರೆಗೂ ಯಾರ ಹತ್ರಾನೂ ಬಾಯಿ ಬಿಡಬೇಡಿ."

"ನಾನ್ಯಾಕೆ ಬಿಡ್ಲಿ?"

ಅವಳು ಗಂಡನನ್ನೊಮ್ಮೆ ನೋಡಿದಳು. ಆ ನೋಟದಲ್ಲಿ ಹತ್ತೊಂಬತ್ತು ವರ್ಷದ ಸಂಸಾರವಿತ್ತು.

ಬುಧವಾರ ಬೆಳಿಗ್ಗೆ ಮೇಷ್ಟ್ರು ಮೆಟ್ಟಿಲನ್ನು ಇಳಿಯಲಿಲ್ಲ, ಹಾರಿಕೊಂಡು ಬಂದರು. ಕೆಳಗಿನ ಮನೆಯ ಬಾಗಿಲಲ್ಲಿ, ಅವರ ದುರದೃಷ್ಟಕ್ಕೆ, ರಿಟೈರಾದ ಸ್ಟೇಷನ್ ಮಾಸ್ಟರು ನಿಂತಿದ್ದರು. ಹೋಗುವ ಬರುವವರನ್ನೆಲ್ಲ ಗಡಿಯಾರ ನೋಡಿ ಬೀಳ್ಕೊಡುವುದು ಅವರಿಗೆ ಕೆಲಸ ಬಿಟ್ಟ ಮೇಲೂ ಬಿಡದ ಚಟ.

"ಏನು ಮೇಷ್ಟ್ರೇ, ಇವತ್ತು ನಾಲ್ಕು ನಿಮಿಷ ಮುಂಚೆ! ಮುಖ ಬೇರೆ ಹೊಸ ಪಾತ್ರೆ ಥರ ಫಳಫಳ ಅಂತಿದೆ. ಏನು ಸಮಾಚಾರ?"

"ಏನೂ ಇಲ್ಲ ಸಾರ್."

"ಎಲ್ಲಿಗೋ ಹೊರಟಿದ್ದೀರಿ."

"ಇಲ್ಲ ಸಾರ್, ಯಾವ ದ್ವೀಪಕ್ಕೂ ಹೋಗ್ತಿಲ್ಲ."

ಹೇಳಿದ ಮೇಲೆ ಮೇಷ್ಟ್ರು ನಾಲಿಗೆ ಕಚ್ಚಿಕೊಂಡರು. ಆದರೆ ನಾಲಿಗೆ ಎಷ್ಟು ಹೊತ್ತು ಕಚ್ಚಿಕೊಂಡಿದ್ದೀತು? ಎರಡು ನಿಮಿಷದಲ್ಲಿ ಕೋಟೆ, ಕುದುರೆ ಗಾಡಿ, ಆರು ರೂಮು, ಅಜ್ಜಿ ಎಲ್ಲ ಹೊರಬಿತ್ತು. ಕರಪತ್ರವೂ ಜೇಬಿನಿಂದ ಹೊರಬಂತು. ಸ್ಟೇಷನ್ ಮಾಸ್ಟರು ಅದನ್ನು ಕನ್ನಡಕದ ಹತ್ತಿರ ಹಿಡಿದು ಓದಿ, ಜೇಬಿನ ಪುಸ್ತಕದಲ್ಲಿ ಏನೋ ಗುರುತು ಹಾಕಿಕೊಂಡರು.

"ದೋಣಿ ಎಷ್ಟಕ್ಕೆ ಬಿಡುತ್ತೆ ಅಂತ ಹಾಕೇ ಇಲ್ವಲ್ರೀ? ವಿಚಾರಿಸಬೇಕು, ವಿಚಾರಿಸಬೇಕು" ಎಂದರು.

‘ಪಾಪ, ಎಷ್ಟು ಕಾಳಜಿ!’ ಎಂದುಕೊಂಡು ಮೇಷ್ಟ್ರು ಕೆಲಸಕ್ಕೆ ಹೋದರು.

ಡ್ರೈವಿಂಗ್ ಸ್ಕೂಲಿನ ಯಜಮಾನರು ದವಡೆಗೆ ಕೈ ಒತ್ತಿಕೊಂಡು ಕೂತಿದ್ದರು. ರಜ ಎಂಬ ಎರಡಕ್ಷರ ಕೇಳಿದ್ದೇ ತಡ, ನೋಯುತ್ತಿದ್ದ ಹಲ್ಲನ್ನೂ ಮರೆತು ಕೂಗಿದರು. "ರಜಾನಾ? ಇವತ್ತು ಡಾಕ್ಟರಮ್ಮಂದು ಐದನೇ ಟೆಸ್ಟು ಅನ್ನೋದು ನೆನಪಿದೆಯೇನಯ್ಯ?"

ಡಾಕ್ಟರಮ್ಮ ಎಂದರೆ ಹಲ್ಲಿನ ಡಾಕ್ಟರು. ಈ ಸ್ಕೂಲಿನ ವಿದ್ಯಾರ್ಥಿನಿ. ಯಜಮಾನರ ಹಲ್ಲಿಗೂ ಅವರೇ ಗತಿ.

"ಒಂದೊಂದು ಸಲ ಫೇಲಾದಾಗ್ಲೂ ಅವರು ನನ್ನ ಬಾಯೊಳಗೆ ಮಿಷನ್ ಇಟ್ಕೊಂಡೇ ವಿಚಾರಣೆ ಮಾಡ್ತಾರಯ್ಯ! ‘ನಿಮ್ಮ ಮೇಷ್ಟ್ರು ಸರಿಯಾಗಿ ಕಲಿಸ್ತಿಲ್ಲ’ ಅಂತಾರೆ, ‘ಗುರ್ರ್’ ಅಂತ ಕೊರೀತಾರೆ. ಬಾಯಿ ತೆರೆದಿರುತ್ತೆ, ಮಾತಾಡೋ ಹಾಗಿಲ್ಲ. ಇವತ್ತು ಅವರು ಪಾಸಾದ್ರೆ ನಿನಗೆ ನಾಲ್ಕು ದಿನ ರಜ. ಇಲ್ಲ ಅಂದ್ರೆ ನೀನು ಆ ಕಾರಲ್ಲೇ ಮುದುಕ ಆಗು."

ಮೂರು ಗಂಟೆಗೆ ಟೆಸ್ಟು. ಐದಕ್ಕೆ ದ್ವೀಪದ ಬಾಗಿಲು ಮುಚ್ಚುತ್ತದೆ. ನಡುವೆ ಡಾಕ್ಟರಮ್ಮ. ಆದರೂ ಮೇಷ್ಟ್ರ ಉತ್ಸಾಹ ಇಳಿಯಲಿಲ್ಲ. ಇವತ್ತು ಪಾಸು ಮಾಡಿಸಿಯೇ ಸೈ ಎಂದುಕೊಂಡರು.

ಹತ್ತು ಗಂಟೆಗೆ ಡಾಕ್ಟರಮ್ಮ ಬಂದು ಸ್ಟೀರಿಂಗ್ ಹಿಡಿದರು. ಬಾಯಿ ತೆರೆದವರ ಎದುರು ಹುಲಿಯಂತಿರುವ ಹೆಂಗಸು, ರಸ್ತೆಯ ಎದುರು ಇಲಿಯಾಗುತ್ತಿದ್ದರು. ಅವರು ಹತ್ತು ಗಜ ಓಡಿಸುವುದರಲ್ಲಿ ಮೇಷ್ಟ್ರು ಮೂರು ಸಲ ಬ್ರೇಕ್ ಒತ್ತಿ, "ನಿಧಾನ! ಎಡಕ್ಕೆ! ಅಯ್ಯೋ!" ಎನ್ನುವುದು ರೂಢಿ. ಪ್ರತಿ "ಅಯ್ಯೋ"ಗೂ ಡಾಕ್ಟರಮ್ಮ ಸೀಟಿನಿಂದ ಒಂದಿಂಚು ಎಗರುತ್ತಿದ್ದರು.

"ಮೇಷ್ಟ್ರೇ, ಇವತ್ತು ನೀವು ಸೀಟಿ ಹೊಡೀತಿದ್ದೀರಿ. ಹುಷಾರಾಗಿದ್ದೀರಿ ತಾನೆ?"

"ಹುಷಾರು ಮೇಡಂ. ಏನಿಲ್ಲ, ಮನೇಲಿ ಒಂದು ಸಣ್ಣ ಯೋಚನೆ..."

ಸಣ್ಣ ಯೋಚನೆ ಬಾಯಿಗೆ ಬಂದದ್ದೇ ದೊಡ್ಡದಾಯಿತು. ಮೇಷ್ಟ್ರು ಕಣ್ಣು ಅರ್ಧ ಮುಚ್ಚಿ ದ್ವೀಪ ಹೇಳತೊಡಗಿದರು. ಅಲ್ಲಿ ಬೆಳಿಗ್ಗೆ ಎದ್ದರೆ ಅಲೆಯ ಸದ್ದು. ಕಲ್ಲುಹಾಸಿನ ಮೇಲೆ ಗೊರಸಿನ ಟಕ್ ಟಕ್. ಕೋಟೆಯ ಗೋಡೆಗೆ ಒರಗಿ ಕೂತರೆ ಎದುರಿಗೆ ನೀರು, ನೀರು, ನೀರು. ದೀಪಸ್ತಂಭದ ತುದಿಗೆ ಹತ್ತಿದರೆ ಕಣ್ಣಿಗೆ ಬೀಳುವಷ್ಟು ದೂರವೂ ಒಂದೇ ಒಂದು ಮೋಟಾರಿಲ್ಲ. ಕರಪತ್ರದಲ್ಲಿ ಇದ್ದದ್ದು ಹತ್ತು ಸಾಲು. ಮೇಷ್ಟ್ರ ಬಾಯಲ್ಲಿ ಅದು ಹತ್ತು ಮೈಲಿ ಬೆಳೆಯಿತು.

ಇಷ್ಟರಲ್ಲಿ ಕಾರು ಎರಡು ಮೈಲಿ ಬಂದಿತ್ತು. ಮಾರ್ಕೆಟ್ಟಿನ ಗಲಾಟೆ ದಾಟಿತ್ತು, ನಾಲ್ಕು ದಾರಿ ಕೂಡುವ ವೃತ್ತವನ್ನು ಬೆಣ್ಣೆಯಲ್ಲಿ ಚಾಕು ಆಡಿದಂತೆ ಸುತ್ತಿತ್ತು. ಒಂದು ಸಲವೂ ಬ್ರೇಕ್ ಬಿದ್ದಿರಲಿಲ್ಲ. ಡಾಕ್ಟರಮ್ಮ ಮಂದಹಾಸ ಬೀರುತ್ತ ಗೇರು ಬದಲಾಯಿಸುತ್ತಿದ್ದರು.

ಮೇಷ್ಟ್ರು ಕಣ್ಣು ಬಿಟ್ಟರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ತಾವು ಬ್ರೇಕ್ ಮರೆತದ್ದು ಗೊತ್ತಾಯಿತು. "ಅಯ್ಯೋ! ಮೇಡಂ, ನೀವು ಓಡಿಸ್ತಿದ್ದೀರಿ!" ಎಂದು ಚೀರಿದರು.

ಅಷ್ಟು ಸಾಕಾಯಿತು. ಡಾಕ್ಟರಮ್ಮ ಒಂದಿಂಚು ಎಗರಿದರು, ಸ್ಟೀರಿಂಗು ಒಂದು ಸುತ್ತು ತಿರುಗಿತು, ಕಾರು ಪಾದಚಾರಿ ದಾರಿ ಹತ್ತಿ ಹಾಸಿಗೆ ಅಂಗಡಿಯ ಮುಂದೆ ಪೇರಿಸಿದ್ದ ಹಾಸಿಗೆಗಳೊಳಗೆ, ಮಗು ತಾಯಿಯ ಮಡಿಲಿಗೆ ಮುಖ ಹುದುಗಿಸಿದ ಹಾಗೆ, ಮೆತ್ತಗೆ ನುಗ್ಗಿ ನಿಂತಿತು. ಮೇಲಿದ್ದ ಎರಡು ಹಾಸಿಗೆ ನಿಧಾನಕ್ಕೆ ವಾಲಿ ಕಾರಿನ ತಲೆಯ ಮೇಲೆ ಮಲಗಿದವು.

ಅಂಗಡಿಯವನು ಅಳತೆ ಟೇಪು ಬೀಸುತ್ತ ಓಡಿಬಂದ. ವೃತ್ತದಲ್ಲಿದ್ದ ಟ್ರಾಫಿಕ್ ಪೊಲೀಸನೂ ಪೀಪಿ ಊದುತ್ತ ಬಂದ. ಜನ ಸೇರಿದರು. ಕಾರನ್ನು ಹಿಂದಕ್ಕೆ ತೆಗೆಯಬೇಕು ಎಂದು ಅರ್ಧ ಜನ, ಹಾಸಿಗೆಯನ್ನು ಮುಂದಕ್ಕೆ ತೆಗೆಯಬೇಕು ಎಂದು ಇನ್ನರ್ಧ ಜನ.

"ಏನ್ರೀ, ಕಲಿಸೋರು ನೀವು. ನಿಮ್ಮ ಕಾಲಡಿ ಬ್ರೇಕ್ ಇದೆ. ಯಾಕೆ ಒತ್ತಲಿಲ್ಲ?" ಪೊಲೀಸ ಗದರಿದ.

ಮೇಷ್ಟ್ರಿಗೆ ಸುಳ್ಳು ಹೊಳೆಯಲಿಲ್ಲ. ಕರಪತ್ರವನ್ನೇ ತೆಗೆದು ಕೊಟ್ಟರು. ಪೊಲೀಸ ಓದಿದ. ಮೂಗಿಗೆ ಕಟ್ಟಿದ್ದ ಬಟ್ಟೆಯನ್ನು ಕೆಳಗಿಳಿಸಿದ.

"ಮೋಟಾರೇ ಇಲ್ವಾ?"

"ಒಂದೂ ಇಲ್ಲ."

"ಹಾರ್ನು?"

"ಎಲ್ಲಿಂದ ಬರಬೇಕು?"

"ಸಿಗ್ನಲ್ಲು... ಎಲ್ಲಿದೆ?"

"ಇಲ್ಲವೇ ಇಲ್ಲ."

ಪೊಲೀಸ ಅಲ್ಲೇ ಬಿದ್ದಿದ್ದ ಹಾಸಿಗೆಯ ಮೇಲೆ ಕುಸಿದು ಕೂತ. ಅಂಗಡಿಯವನೂ ಟೇಪು ಸುತ್ತಿಟ್ಟು ಪಕ್ಕ ಕೂತ. "ಅಲ್ಲಿ ನಿದ್ದೆ ಚೆನ್ನಾಗಿ ಬರುತ್ತಾ ಸ್ವಾಮಿ?" ಎಂದು ಕೇಳಿದ. "ಊರಿಗೆಲ್ಲ ಹಾಸಿಗೆ ಮಾರೋನು ನಾನು. ಮನೆ ಈ ಅಂಗಡಿ ಮೇಲೇನೇ. ಈ ರಸ್ತೆ ಗಲಾಟೆಗೆ ಹದಿನೈದು ವರ್ಷದಿಂದ ಕಣ್ಣು ಮುಚ್ಚಿಲ್ಲ."

ಕರಪತ್ರ ಕೈಯಿಂದ ಕೈಗೆ ಹೋಯಿತು. ಡಾಕ್ಟರಮ್ಮ ಕೂಡ ಇಳಿದು ಬಂದು ಅದರದೊಂದು ಫೋಟೊ ತೆಗೆದುಕೊಂಡರು. ಯಾರೂ ದೂರು ಬರೆಯಲಿಲ್ಲ, ಯಾರೂ ಬಯ್ಯಲಿಲ್ಲ. ಹಾಸಿಗೆಗಳಿಗೆ ಏನೂ ಆಗಿರಲಿಲ್ಲ, ಕಾರಿಗೂ ಆಗಿರಲಿಲ್ಲ. ‘ದ್ವೀಪದ ಹೆಸರು ಹೇಳಿದರೇ ಇಷ್ಟು ಶಾಂತಿ! ಇನ್ನು ಅಲ್ಲಿಗೇ ಹೋದರೆ?’ ಎಂದು ಮೇಷ್ಟ್ರು ಹಿಗ್ಗಿದರು.

ಡಾಕ್ಟರಮ್ಮನ ಹಿಗ್ಗು ಬೇರೆ. "ಮೇಷ್ಟ್ರೇ, ನಾನು ಎರಡು ಮೈಲಿ ಒಬ್ಬಳೇ ಓಡಿಸಿದೆ! ನೀವು ಬ್ರೇಕ್ ಮರೆತ್ರೆ ನನಗೆ ಡ್ರೈವಿಂಗ್ ಬರುತ್ತೆ!"

ಮೂರು ಗಂಟೆ. ಟೆಸ್ಟಿನ ಮೈದಾನದಲ್ಲಿ ಯಜಮಾನರು ಖುದ್ದಾಗಿ ಬಂದು ದವಡೆ ಹಿಡಿದು ನಿಂತಿದ್ದರು. ಲೈಸೆನ್ಸು ಕೊಡುವ ಇನ್ಸ್‌ಪೆಕ್ಟರು ನಗುವುದನ್ನು ಕಂಡವರು ಆ ಊರಿನಲ್ಲಿ ಇರಲಿಲ್ಲ. ಅವರು ಮುಂದಿನ ಸೀಟಿನಲ್ಲಿ ಹಲಗೆಯ ಹಾಗೆ ಕೂತು ಕಾಗದ ಬಿಡಿಸಿದರು. "ಕಲಿಸೋರು ಹಿಂದೆ ಕೂರಬಹುದು. ಬಾಯಿ ಬಿಡೋ ಹಾಗಿಲ್ಲ."

ಡಾಕ್ಟರಮ್ಮ ಕೀಲಿ ತಿರುಗಿಸಿದರು. ಕಾರು ಕೆಮ್ಮಿ ಆರಿತು. ಮತ್ತೆ ತಿರುಗಿಸಿದರು. ಮತ್ತೆ ಆರಿತು. ಇನ್ಸ್‌ಪೆಕ್ಟರು ಪೆನ್ನಿನ ಮುಚ್ಚಳ ತೆಗೆದರು.

"ಸಾರ್, ಅವರು ಮಾತಾಡದಿದ್ರೆ ನನ್ನ ಕೈ ನಡುಗುತ್ತೆ" ಎಂದರು ಡಾಕ್ಟರಮ್ಮ.

"ಡ್ರೈವಿಂಗ್ ಬಗ್ಗೆ ಒಂದು ಮಾತು ಆಡಿದ್ರೂ ಫೇಲು."

"ಡ್ರೈವಿಂಗ್ ಬಗ್ಗೆ ಅಲ್ಲ ಸಾರ್. ಸಮುದ್ರದ ಬಗ್ಗೆ."

ಇನ್ಸ್‌ಪೆಕ್ಟರು ನಿಯಮಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿ ಹಾಕಿದರು. "ಸಮುದ್ರದ ಬಗ್ಗೆ ರೂಲ್ಸಲ್ಲಿ ಏನೂ ಹೇಳಿಲ್ಲ. ಹೂಂ."

ಮೇಷ್ಟ್ರು ಎರಡೂ ಕಣ್ಣು ಬಿಗಿಯಾಗಿ ಮುಚ್ಚಿದರು. ಬಲಗಾಲನ್ನು ಎಡಗಾಲಿನಿಂದ ತುಳಿದು ಹಿಡಿದರು. ಹೇಳತೊಡಗಿದರು. ದೋಣಿ ದಡ ಬಿಟ್ಟಿತು. ಗಾಳಿ ಮುಖಕ್ಕೆ ಬಂತು. ಕಾರು ಎಲ್ಲೋ ತಿರುಗಿದ ಹಾಗಾಯಿತು, ಮೇಷ್ಟ್ರು ನೋಡಲಿಲ್ಲ, ಕೋಟೆಯ ಬಾಗಿಲು ದಾಟಿದರು. ಕಾರು ದಿಬ್ಬ ಹತ್ತಿದ ಹಾಗಾಯಿತು, ಅವರು ದೀಪಸ್ತಂಭದ ಮೆಟ್ಟಿಲು ಹತ್ತಿದರು. ಕಾರು ಹಿಂದಕ್ಕೆ ಹೋಯಿತು, ಅಲೆಯೂ ಹಿಂದಕ್ಕೆ ಸರಿಯಿತು. ಆಮೇಲೆ ಎಲ್ಲವೂ ನಿಂತಿತು. ಸದ್ದಿಲ್ಲ.

ಕಣ್ಣು ಬಿಟ್ಟರೆ ಕಾರು ಎರಡು ಕಂಬಗಳ ನಟ್ಟನಡುವೆ, ಗೆರೆ ಎಳೆದಂತೆ ನಿಂತಿತ್ತು. ಇನ್ಸ್‌ಪೆಕ್ಟರು ಕಿಟಕಿಯಾಚೆ ಎಲ್ಲೋ ದೂರ ನೋಡುತ್ತಿದ್ದರು.

"ಆಮೇಲೆ?" ಎಂದರು ಇನ್ಸ್‌ಪೆಕ್ಟರು.

"ಏನು ಆಮೇಲೆ ಸಾರ್?"

"ದೀಪಸ್ತಂಭ ಹತ್ತಿದ್ರಿ. ತುದೀಲಿ ಏನು ಕಾಣ್ತು?"

ಡಾಕ್ಟರಮ್ಮ ಪಾಸಾದರು. ಯಜಮಾನರು ದವಡೆಯಿಂದ ಕೈ ತೆಗೆದು ಮೇಷ್ಟ್ರನ್ನು ತಬ್ಬಿಕೊಂಡರು. "ಹೋಗಿ ಬಾರಯ್ಯ! ನಾಲ್ಕು ದಿನ! ಅದೇನದು ಎಲ್ಲರೂ ಹೇಳ್ತಿರೋ ದ್ವೀಪ, ಆ ಕಾಗದ ಸ್ವಲ್ಪ ಕೊಡು ನೋಡೋಣ" ಎಂದರು. ಇನ್ಸ್‌ಪೆಕ್ಟರೂ ಒಂದು ಸಹಿಗೆಂದು ಕಚೇರಿಯೊಳಕ್ಕೆ ಕರೆದು, ಸಹಿಯ ಜೊತೆಗೆ ಕರಪತ್ರವನ್ನೂ ಹತ್ತು ನಿಮಿಷ ನೋಡಿ ಹಿಂದಿರುಗಿಸಿದರು.

ಹೊರಗೆ ಬಂದಾಗ ನಾಲ್ಕು ಗಂಟೆ. ಮೇಷ್ಟ್ರು ಅಲ್ಲಿಂದಲೇ ಫೋನ್ ಮಾಡಬಹುದಿತ್ತು. ಆದರೆ ಇಂಥ ಫೋನನ್ನು ರಸ್ತೆಯಲ್ಲಿ ನಿಂತು ಮಾಡುವುದೇ? ಹೆಂಡತಿಯ ಎದುರಿಗೆ, ಅವಳ ಮುಖ ನೋಡುತ್ತ ಮಾಡಬೇಕು. ಅವರು ದಾರಿಯಲ್ಲಿ ಎರಡು ಹುಲ್ಲಿನ ಟೋಪಿ ಕೊಂಡರು. ಒಂದನ್ನು ತಲೆಗಿಟ್ಟುಕೊಂಡು ಬಸ್ಸು ಹತ್ತಿದರು. ಬಸ್ಸು ವೃತ್ತದಲ್ಲಿ ಸಿಕ್ಕಿಹಾಕಿಕೊಂಡಿತು. ಅಲ್ಲಿ ಟ್ರಾಫಿಕ್ ಪೊಲೀಸ ಕಾಣಲಿಲ್ಲ, ನಾಲ್ಕೂ ಕಡೆಯ ಗಾಡಿಗಳು ಮೂತಿಗೆ ಮೂತಿ ಹಚ್ಚಿ ನಿಂತಿದ್ದವು. ಮೇಷ್ಟ್ರು ಇಳಿದು ಓಡಿದರು.

ಗ್ರಂಥಾಲಯದ ಬಾಗಿಲು ನೂಕಿದಾಗ ಐದಕ್ಕೆ ಹತ್ತು ನಿಮಿಷವಿತ್ತು. "ರಜ ಸಿಕ್ತು ಕಣೇ!" ಎಂದು ಕೂಗಿದರು. ಓದುತ್ತಿದ್ದವರೆಲ್ಲ ತಲೆಯೆತ್ತಿ ಶ್ ಎಂದರು. ಹೆಂಡತಿ ಅವರನ್ನು ಎಳೆದುಕೊಂಡು ಹಿಂದಿನ ಕೋಣೆಗೆ ಹೋದಳು. ಇನ್ನೊಂದು ಟೋಪಿಯನ್ನು ಮೇಷ್ಟ್ರು ಅವಳ ತಲೆಗಿಟ್ಟರು. ಅವಳು ಬೇಡವೆನ್ನಲಿಲ್ಲ. ಹತ್ತು ವರ್ಷ ಚಿಕ್ಕವಳಾದಂತೆ ಕಂಡಳು.

ಫೋನ್ ಹಚ್ಚಿದರು. ಬ್ಯುಸಿ. ಮತ್ತೆ ಹಚ್ಚಿದರು. ಬ್ಯುಸಿ. ಐದಕ್ಕೆ ನಾಲ್ಕು ನಿಮಿಷವಿದ್ದಾಗ ಅಜ್ಜಿ ಎತ್ತಿಕೊಂಡರು.

"ಅಜ್ಜಿ, ನಾವು ನಿನ್ನೆ ಫೋನ್ ಮಾಡಿದ್ವಲ್ಲ, ಒಂದು ರೂಮು..."

"ಅಯ್ಯೋ ಮಗನೇ, ಆರೂ ಹೋಯ್ತಲ್ಲಪ್ಪಾ!"

"ಆರೂ? ಈ ಕಾಲದಲ್ಲಿ ಗಾಳಿ ಬಿಟ್ರೆ ಯಾರೂ ಬರಲ್ಲ ಅಂದಿದ್ರಿ!"

"ನಾನೂ ಹಂಗೇ ಅಂದ್ಕೊಂಡಿದ್ದೆ. ಬೆಳಿಗ್ಗೆ ಯಾರೋ ಸ್ಟೇಷನ್ ಮಾಸ್ಟರು, ದೋಣಿ ಎಷ್ಟು ನಿಮಿಷ ಲೇಟಾಗಿ ಬಿಡುತ್ತೆ ಅಂತ ಮೂರು ಸಲ ಕೇಳಿ ಒಂದು ರೂಮು ಹಿಡಿದ್ರು. ಮಧ್ಯಾಹ್ನ ಒಬ್ಬ ಪೊಲೀಸು. ಅವನಿಗೆ ಶುಕ್ರವಾರದವರೆಗೂ ಕಾಯೋಕಾಗಲ್ವಂತೆ, ಇವತ್ತೇ ಹೊರಟು ಬಂದು ದೋಣಿಕಟ್ಟೇಲಿ ಮಲಗ್ತಾನಂತೆ. ಹಾಸಿಗೆ ಅಂಗಡಿಯೋನೊಬ್ಬ, ಹಾಸಿಗೆ ಬೇಡ, ನೆಲದ ಮೇಲೇ ಮಲಗ್ತೀನಿ, ಸದ್ದು ಮಾತ್ರ ಇರಬಾರದು ಅಂದ. ಹಲ್ಲಿನ ಡಾಕ್ಟರು ಒಬ್ಬರು, ಏನೋ ಪಾಸಾದ ಖುಷಿಗಂತೆ. ಅವರ ಹಿಂದೇನೇ ಯಾರೋ ಸ್ಕೂಲಿನ ಯಜಮಾನರು. ಕೆಲಸದೋನಿಗೆ ರಜ ಕೊಟ್ಟಾಯ್ತು, ಇನ್ನು ಬಾಗಿಲು ತೆಗೆದು ಏನು ಮಾಡ್ಲಿ ಅಂದ್ರು. ಈಗ, ನಿನಗಿಂತ ಮುಂಚೆ, ಒಬ್ಬರು ಇನ್ಸ್‌ಪೆಕ್ಟರು. ದೀಪಸ್ತಂಭಕ್ಕೆ ಎಷ್ಟು ಮೆಟ್ಟಿಲು ಅಂತ ಕೇಳಿ ಬರ್ಕೊಂಡ್ರು. ಆರು ಆಯ್ತಲ್ಲ?"

ಮೇಷ್ಟ್ರು ಇಂಗು ತಿಂದ ಮಂಗನ ಹಾಗೆ ನಿಂತರು. ಹೆಂಡತಿ ಅವರ ಮುಖ ನೋಡಿಯೇ ಟೋಪಿ ತೆಗೆದು ಮೇಜಿನ ಮೇಲಿಟ್ಟಳು.

"ಇರು, ಇರು" ಅಜ್ಜಿಯ ದನಿ ಮತ್ತೆ ಬಂತು. "ಅವರೆಲ್ಲ ‘ನಮ್ಮ ಡ್ರೈವಿಂಗ್ ಮೇಷ್ಟ್ರು ಹೇಳಿದ್ರು’ ಅಂತಿದ್ರು. ಆ ಮೇಷ್ಟ್ರು ನೀನೇ ಏನಪ್ಪ?"

"ಹೌದಜ್ಜಿ. ನಾನೇ ಆ ಪಾಪಿ."

"ಅಯ್ಯೋ ನನ್ನಪ್ಪ! ಇಡೀ ದ್ವೀಪ ನಿನ್ನಂಥೋನನ್ನೇ ಹುಡುಕ್ತಿದೆ. ರೂಮು ಹೋದ್ರೆ ಹೋಗ್ಲಿ, ಶಾಲೆ ಮಹಡಿ ಮೇಲೆ ಒಂದು ಕೋಣೆ ಇದೆ. ಎರಡೂ ಕಿಟಕೀಲಿ ಸಮುದ್ರ. ಊಟ, ತಿಂಡಿ ಎಲ್ಲ ದ್ವೀಪದ್ದೇ. ಬಾ, ನಿನ್ನ ಹೆಂಡ್ತೀನೂ ಕರ್ಕೊಂಡು ಬಾ."

"ಏನಜ್ಜಿ, ಅಷ್ಟೊಂದು ಉಪಚಾರ ಯಾಕೆ?"

"ಸೋಮವಾರದ ದೋಣೀಲಿ ನಮಗೊಂದು ಆಂಬುಲೆನ್ಸ್ ಬಂದಿದೆ ಕಣಪ್ಪ. ಬ್ಯಾಟರೀದು. ಮುನ್ನೂರು ವರ್ಷದಲ್ಲಿ ಮೊದಲನೇ ಗಾಡಿ. ದಡದಲ್ಲಿ ಇಳಿಸಿದ ಕಡೇಲೇ ನಿಂತಿದೆ, ಓಡಿಸೋಕೆ ಒಬ್ಬರಿಗೂ ಬರಲ್ಲ. ನಾಲ್ಕೇ ದಿನ ಕಲಿಸಿ ಕೊಟ್ಬಿಡು."

ಮೇಷ್ಟ್ರ ಬಲಗಾಲು ತಾನಾಗಿ ನೆಲ ಒತ್ತಿತು. "ಅದರಲ್ಲಿ... ಪಕ್ಕದ ಸೀಟಿನ ಕೆಳಗೆ ಒಂದು ಬ್ರೇಕು..."

"ಪಕ್ಕದಲ್ಲಿ ಸೀಟೇ ಇಲ್ಲ. ಒಂದು ಸ್ಟೂಲು ಹಾಕ್ತೀವಿ" ಎಂದ ಅಜ್ಜಿ, ದನಿ ತಗ್ಗಿಸಿ ಇನ್ನೂ ಏನೋ ಹೇಳಿದರು.

ಅವರು ಇಲ್ಲವೆನ್ನಲು ಬಾಯಿ ತೆರೆದರು. ಅಷ್ಟರಲ್ಲಿ, ಹತ್ತಿರ ಬಂದು ಫೋನಿಗೆ ಕಿವಿಗೊಟ್ಟಿದ್ದ ಹೆಂಡತಿ ಫೋನನ್ನು ಕಸಿದುಕೊಂಡಳು. "ಬರ್ತೀವಿ ಅಜ್ಜಿ! ಎರಡು ಹೆಸರು ಬರ್ಕೊಳ್ಳಿ!" ಎಂದಳು. ಗೋಡೆಯ ಗಡಿಯಾರ ಐದು ಹೊಡೆಯಿತು.

ಅವಳು ಟೋಪಿಯನ್ನು ಮತ್ತೆ ತಲೆಗಿಟ್ಟುಕೊಂಡು ಕಿಟಕಿಯ ಗಾಜಿನಲ್ಲಿ ಮುಖ ನೋಡಿಕೊಂಡಳು. "ಎರಡೂ ಕಿಟಕೀಲಿ ಸಮುದ್ರವಂತೆ ಕಣ್ರೀ! ನೀವು ಪಾಠ ಮಾಡ್ಕೊಳ್ಳಿ, ನಾನು ಕೋಟೆ ನೋಡ್ಕೊಂಡು ಬರ್ತೀನಿ. ಅದಿರಲಿ, ಕಲಿಯೋರು ಯಾರಂತೆ? ಕೊನೇಲಿ ಅದೇನೋ ಹೇಳ್ತಿದ್ರಲ್ಲ ಅಜ್ಜಿ, ನನಗೆ ಸರಿಯಾಗಿ ಕೇಳಿಸಲಿಲ್ಲ."

ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತರು.

"ಕುದುರೆ ಗಾಡಿ ಓಡಿಸೋ ತಾತ. ಎಪ್ಪತ್ತೊಂದು ವರ್ಷ. ಭಾರೀ ಅನುಭವಸ್ಥನಂತೆ" ಎಂದರು. "ಕುದುರೆಗೇ ದಾರಿ ಗೊತ್ತಿದ್ದರಿಂದ, ಐವತ್ತು ವರ್ಷದಿಂದ ನಿದ್ದೆ ಮಾಡ್ಕೊಂಡೇ ಓಡಿಸ್ತಿದ್ದಾನಂತೆ."